ಅಘನಾಶಿನಿಯ ನೀರಲ್ಲಿ ಚರು ಮಸೆಲ್ ಹುಡುಕಾಟ: ನನ್ನ ಅನುಭವ

ಕೇರಳದ ವೆಂಬನಾಡು, ಅಷ್ಟಮುಡಿ ಹಿನ್ನೀರುಗಳಿಗೆ ಲಗ್ಗೆಯಿಟ್ಟ ದಕ್ಷಿಣ ಅಮೆರಿಕದ ಚಿಪ್ಪುಜೀವಿ ಚರು ಮಸೆಲ್ ನಮ್ಮ ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆಗೂ ಬಂದಿದೆಯೇ? ಬಂದರೆ ಮೊದಲು ಪೆಟ್ಟು ಬೀಳುವುದು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕಿ ಮನೆ ನಡೆಸುವ ಹೆಂಗಸರಿಗೆ. ನಾರಿನಂಥ ಎಳೆ ಬಿಟ್ಟು ಒಂದಕ್ಕೊಂದು ಅಂಟಿಕೊಂಡು ಚಾಪೆಯ ಹಾಗೆ ಹಬ್ಬುವ ಚಿಪ್ಪು ಅದು. ಎಲ್ಲರ ಕಣ್ಣಿಗೆ ಬೀಳುವ ಹೊತ್ತಿಗೆ ಕಿತ್ತುಹಾಕುವ ಕಾಲ ಮೀರಿರುತ್ತದೆ. ಅದಕ್ಕೇ ಇ-ಡಿಎನ್‌ಎ ದಾರಿ ಹಿಡಿದೆ, ಅಂದರೆ ನೀರಿನಲ್ಲಿ ಉಳಿದ ಡಿಎನ್‌ಎಯಿಂದಲೇ ಜೀವಿಯ ಗುರುತು ಹಿಡಿಯುವುದು.

ಜಲಚರಗಳ ಲೋಳೆ, ಹಿಕ್ಕೆ, ಉದುರಿದ ಜೀವಕೋಶಗಳ ಡಿಎನ್‌ಎ ನೀರಿನಲ್ಲಿ ಸ್ವಲ್ಪ ಕಾಲ ಉಳಿಯುತ್ತದೆ. 2008ರಲ್ಲಿ ಫ್ರಾನ್ಸ್‌ನ ಸಂಶೋಧಕರು ಅಮೆರಿಕದ ಬುಲ್‌ಫ್ರಾಗ್ ಕಪ್ಪೆಯನ್ನು ಹೀಗೇ ಕೆರೆನೀರಿನಿಂದ ಪತ್ತೆಹಚ್ಚಿದ್ದರು.

ನೀರು ತುಂಬುವ ಹೊತ್ತು ಬಹಳ ಮುಖ್ಯ. ಭರತದಲ್ಲಿ (ಉಬ್ಬರದಲ್ಲಿ) ತುಂಬಿದರೆ ಕಡಲಿನ ಸುದ್ದಿಯೇ ಹೆಚ್ಚು. ನಾನು ಇಳಿತದ ಕೊನೆಗೆ ತುಂಬುತ್ತೇನೆ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿನಿಂದ ಬಂದ ನೀರು ಆಗ ಸಿಗುತ್ತದೆ. ಆದರೆ ಆ ನೀರಲ್ಲಿ ಕೆಸರು ವಿಪರೀತ. ಡಿಎನ್‌ಎ ಹಿಡಿದಿಡುವ 0.45 ಮೈಕ್ರಾನ್ ಫಿಲ್ಟರ್ ಒಂದು ಲೀಟರ್ ಮುಗಿಯುವ ಮೊದಲೇ ಕಟ್ಟಿಕೊಂಡು ಕಾಫಿಬಣ್ಣಕ್ಕೆ ತಿರುಗುತ್ತದೆ. ಪಂಪಿನ ಒತ್ತಡ ಏರಿಸದೆ ಫಿಲ್ಟರನ್ನೇ ಬದಲಿಸುತ್ತೇನೆ, ಎರಡನ್ನೂ ಒಂದೇ ಟ್ಯೂಬಿನ ಎಥನಾಲ್‌ಗೆ ಹಾಕುತ್ತೇನೆ. ಪ್ರತಿ ಜಾಗದಲ್ಲೂ ಹೊಸ ಗ್ಲೌಸು, ಬ್ಲೀಚಿನಲ್ಲಿ ತೊಳೆದ ಬಾಟಲಿ. ಜೊತೆಗೆ ಶುದ್ಧ ನೀರನ್ನು ದೋಣಿಯಲ್ಲೇ ಸೋಸಿ ಇಡುವ ‘ಖಾಲಿ’ ಮಾದರಿ. ಅದರಲ್ಲಿ ಡಿಎನ್‌ಎ ಕಂಡರೆ ಆ ದಿನದ ಫಲಿತಾಂಶವನ್ನು ನಂಬುವ ಹಾಗಿಲ್ಲ.

ಕಾಂಡ್ಲಾ ಕೆಸರಿನ ಹ್ಯೂಮಿಕ್ ಆಮ್ಲ, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಹಾಗಾಗಿ ಪ್ರತಿ ಮಾದರಿಯನ್ನೂ ಹತ್ತು ಪಟ್ಟು ತೆಳುಮಾಡಿ ಮತ್ತೊಮ್ಮೆ ಓಡಿಸುತ್ತೇನೆ. ಚರು ಮಸೆಲ್‌ಗೆ ಮಾತ್ರ ಹೊಂದುವ ಪ್ರೈಮರಿನಿಂದ (ಚಿಕ್ಕ ಡಿಎನ್‌ಎ ತುಣುಕಿನಿಂದ) ಕ್ಯೂಪಿಸಿಆರ್, ಅಂದರೆ ಪ್ರಮಾಣವನ್ನೂ ಅಳೆಯುವ ಪಿಸಿಆರ್; ಉಳಿದ ಜೀವಿಗಳಿಗೆ ಮೆಟಾಬಾರ್‌ಕೋಡಿಂಗ್, ಅಂದರೆ ಒಂದೇ ಮಾದರಿಯಲ್ಲಿರುವ ಹಲವು ಜೀವಿಗಳ ಡಿಎನ್‌ಎಯನ್ನು ಒಟ್ಟಿಗೆ ಓದುವುದು.

ತದಡಿ ಬಂದರಿನ ಹತ್ತಿರದ ಮಾದರಿಯಲ್ಲಿ ಬಂಗುಡೆ ಡಿಎನ್‌ಎ ರಾಶಿ ಬಂತು. ಅದನ್ನು ಅಳಿವೆಯಲ್ಲಿರುವ ಮೀನಿನ ಲೆಕ್ಕಕ್ಕೆ ಬರೆಯಲಿಲ್ಲ. ದೋಣಿಯಿಂದ ಮೀನಿಳಿಸಿ ಬುಟ್ಟಿ ತೊಳೆದ ನೀರು ಅಲ್ಲಿಯೇ ನದಿಗೆ ಸೇರುತ್ತದೆ. ಡಿಎನ್‌ಎ ಜೀವಂತ ಮೀನಿನದೋ ಸತ್ತ ಮೀನಿನದೋ ಎಂದು ಯಂತ್ರ ಹೇಳುವುದಿಲ್ಲ, ಜಾಗ ಬಲ್ಲವರೇ ಹೇಳಬೇಕು.

ಚರು ಮಸೆಲ್‌ನ ಸುಳಿವು ಈವರೆಗೆ ನನ್ನ ಮಾದರಿಗಳಲ್ಲಿ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಇದರಿಂದ ಹೇಳಲಾರೆ. ಇಂಥ ಚಿಪ್ಪುಗಳು ಹಡಗಿನ ತಳಕ್ಕೆ ಅಂಟಿಕೊಂಡು, ಹಡಗು ಸಮತೋಲಕ್ಕೆ ತುಂಬಿಕೊಳ್ಳುವ ಬ್ಯಾಲಸ್ಟ್ ನೀರಿನಲ್ಲಿ ಸೇರಿಕೊಂಡು ಬರುತ್ತವೆ. ಹಾಗಾಗಿ ಮಳೆಗಾಲ ಕಳೆದ ಮೇಲೆ ಕಾರವಾರ ಬಂದರಿನ ಧಕ್ಕೆಯ ಸುತ್ತಲೂ ನೀರು ತುಂಬಬೇಕು, ಕಂಬಗಳಿಗಂಟಿದ ಚಿಪ್ಪನ್ನೂ ಕೆರೆದು ನೋಡಬೇಕು. ಬಳಚು ಹೆಕ್ಕುವವರಿಗೆ ಅದರ ಫೋಟೊ ಈಗಾಗಲೇ ಕೊಟ್ಟಿದ್ದೇನೆ.