ಗೋಧಿ ಬೇಡ, ಬೇಕರಿ ಯೀಸ್ಟ್ ಬೇಡ: ಸಾವಯವ ತೋಟದವರ ರೀತಿಯ ದ್ರಾಕ್ಷಿ ವೈನ್

ನಮ್ಮಲ್ಲಿ ಮನೆ ವೈನ್ ಅಂದರೆ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ ವಿಧಾನ. ಕಿಲೋ ದ್ರಾಕ್ಷಿಗೆ ಕಿಲೋ ಸಕ್ಕರೆ, ಒಂದು ಹಿಡಿ ಗೋಧಿ, ಬೇಕರಿ ಯೀಸ್ಟ್. ಭರಣಿಯ ಬಾಯಿ ಕಟ್ಟಿ ಮೂಲೆಗಿಟ್ಟು ಮರೆತುಬಿಡುವುದು. ಹೀಗೆ ಮಾಡಿ ಸಿಹಿ ಪಾನಕವೋ ವಿನೆಗರೋ ಆಗಿ ಚೆಲ್ಲಿದವರನ್ನು ತುಂಬಾ ನೋಡಿದ್ದೇನೆ. ಒಳ್ಳೆಯ ಹಣ್ಣು ಹಾಳಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಾವಯವ ದ್ರಾಕ್ಷಿ ಬೆಳೆದು ತಾವೇ ವೈನ್ ಮಾಡುವ ಕುಟುಂಬಗಳು ಫ್ರಾನ್ಸ್, ಇಟಲಿಗಳಲ್ಲಿ ಬಹಳ ಇವೆ. ಅವರಲ್ಲಿ ಅನೇಕರು ಹಣ್ಣಿನ ಜೊತೆ ಬಂದ ಯೀಸ್ಟನ್ನೇ ನಂಬುತ್ತಾರೆ. ವೈನ್ ಕೆಡದಂತೆ ಹಾಕುವ ಗಂಧಕದ ಮದ್ದು, ಅಂದರೆ ಸಲ್ಫೈಟ್, ಕಡಿಮೆ ಬಳಸುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ 2012ರ ಕೊಯ್ಲಿನಿಂದ ‘ಸಾವಯವ ವೈನ್’ ಎಂದು ಲೇಬಲ್ ಹಾಕಬಹುದು. ಆ ಲೇಬಲ್ ಬೇಕಾದರೆ ಡ್ರೈ, ಅಂದರೆ ಸಿಹಿ ಉಳಿಯದ, ರೆಡ್ ವೈನ್‌ಗೆ ಸಲ್ಫೈಟ್ ಮಿತಿ ಲೀಟರಿಗೆ 100 ಮಿಲಿಗ್ರಾಂ. ಮದ್ದು ಕಡಿಮೆ ಆದಷ್ಟೂ ಶುಚಿ ಮತ್ತು ನಿಗಾ ಜಾಸ್ತಿ ಬೇಕು. ಮನೆಯಲ್ಲೂ ಅಷ್ಟೇ.

ಶುರು ಮಾಡುವ ಮೊದಲು ಅಬಕಾರಿ ನಿಯಮ ಏನಿದೆ ಅಂತ ಕೇಳಿಕೊಳ್ಳಿ. ಲೈಸೆನ್ಸ್ ಇಲ್ಲದೆ ಮಾರುವುದಂತೂ ಅಪರಾಧ.

ಹಣ್ಣು. 5 ಕಿಲೋ ಬೆಂಗಳೂರು ಬ್ಲೂ ತನ್ನಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ವರ್ಷಕ್ಕೆ ಎರಡು ಬೆಳೆ ಬರುವ ಹಣ್ಣು ಇದು, ಊರಿನ ಹೆಸರಿನ ಜೊತೆ ಬರುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಸಾವಯವ ಬೆಳೆಗಾರರನ್ನೇ ಹುಡುಕಿ. ಯೀಸ್ಟ್ ಕೂಡ ಶಿಲೀಂಧ್ರ ಅಲ್ವಾ? ಶಿಲೀಂಧ್ರನಾಶಕ ಹೊಡೆದ ಹಣ್ಣಿನಲ್ಲಿ ಅದು ಸರಿಯಾಗಿ ಏಳುವುದಿಲ್ಲ. ಹಣ್ಣಿನ ಮೇಲಿನ ಬಿಳಿ ಪುಡಿ ಮೇಣ. ಅದನ್ನು ಉಜ್ಜಿ ತೊಳೆಯಬೇಡಿ. ಕೊಳೆತದ್ದು, ಒಡೆದದ್ದು ಆರಿಸಿ ಬಿಸಾಡಿ.

ಹೆಪ್ಪು. ಮೂರು ನಾಲ್ಕು ದಿನ ಮೊದಲೇ ಒಂದೆರಡು ಹಿಡಿ ಹಣ್ಣು ಹಿಸುಕಿ ಗಾಜಿನ ಬಾಟಲಿಯಲ್ಲಿ ಬಟ್ಟೆ ಮುಚ್ಚಿಡಿ. ಮೊಸರಿಗೆ ಹೆಪ್ಪು ಹಾಕುವ ಹಾಗೆಯೇ ಇದು. ನೊರೆ ಬಂದು ಹಣ್ಣಿನ ವಾಸನೆ ಇದ್ದರೆ ಬಳಸಿ. ಹುಳಿ ವಾಸನೆ ಹೊಡೆದರೆ ಚೆಲ್ಲಿ, ಮತ್ತೆ ಇಡಿ. ಯೀಸ್ಟ್ ಪ್ಯಾಕೆಟ್ ಹಾಕಲೇಬೇಕು ಅನ್ನುವವರು ವೈನ್ ಯೀಸ್ಟ್ ತನ್ನಿ. ಬ್ರೆಡ್ಡಿನ ಯೀಸ್ಟ್ ಹಾಕಿದರೆ ವೈನ್ ಬ್ರೆಡ್ಡಿನ ವಾಸನೆಯೇ ಹೊಡೆಯುತ್ತದೆ.

ಹಿಸುಕುವುದು. ತೊಟ್ಟು ಬಿಡಿಸಿ, ಕೈಯಲ್ಲಿ ಹಿಸುಕಿ. ಮಿಕ್ಸಿ ಬೇಡವೇ ಬೇಡ, ಬೀಜ ಒಡೆದರೆ ಕಹಿ. 8ರಿಂದ 10 ಲೀಟರಿನ ಭರಣಿಗೋ ಫುಡ್ ಗ್ರೇಡ್ ಬಕೆಟ್ಟಿಗೋ ಹಾಕಿ ಹೆಪ್ಪು ಸೇರಿಸಿ. ಮೇಲೆ ಮೂರನೇ ಒಂದು ಭಾಗ ಖಾಲಿ ಇರಲಿ.

ಸಿಪ್ಪೆ ಅದುಮುವುದು. ವೈನ್ ಕೆಡುವುದು ಇಲ್ಲೇ. ಒಂದೆರಡು ದಿನಕ್ಕೆ ಹುದುಗು ಶುರುವಾಗುತ್ತದೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಸಿಪ್ಪೆಯನ್ನೆಲ್ಲ ಮೇಲೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ರಸದೊಳಗೆ ಯೀಸ್ಟ್ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಆದರೆ ಪದರದ ಮೇಲ್ಭಾಗ ಒಣಗಿದರೆ ಗಾಳಿ, ಬಿಸಿ, ಆಲ್ಕೋಹಾಲ್ ಮೂರೂ ಒಂದೇ ಕಡೆ ಸಿಕ್ಕಿ ವಿನೆಗರ್ ಬ್ಯಾಕ್ಟೀರಿಯಾ ಕೂರುತ್ತದೆ. ಒಂದು ಪೂರ್ತಿ ದಿನ ಮರೆತರೂ ಸಾಕು.

ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅದುಮಲೇಬೇಕು. ಕುದಿನೀರಲ್ಲಿ ತೊಳೆದ ಉದ್ದ ಹಿಡಿಯ ಸೌಟು ತಗೊಳ್ಳಿ. ಸುಮ್ನೆ ತಿರುಗಿಸಿದರೆ ಆಗುವುದಿಲ್ಲ. ಪದರವನ್ನು ಅಂಚಿನಿಂದ ಒಡೆದು, ಪ್ರತಿ ತುಂಡೂ ರಸದಲ್ಲಿ ಮುಳುಗುವಂತೆ ಕೆಳಗೆ ಒತ್ತಿ. ಬಣ್ಣವೂ ಸಿಪ್ಪೆಯಿಂದಲೇ ಇಳಿಯಬೇಕು. ಚೆನ್ನಾಗಿ ಅದುಮಿದವರಿಗೆ ಬಣ್ಣಕ್ಕೆ ಅಂತ ಸುಟ್ಟ ಸಕ್ಕರೆ ಬೇಕಾಗುವುದೇ ಇಲ್ಲ. ಒಳಗೋಡೆಗೆ ಅಂಟಿದ ಸಿಪ್ಪೆ, ಬೀಜ ಒರೆಸಿ ತೆಗೆಯಿರಿ. ತೆಳು ಬಟ್ಟೆ ಮುಚ್ಚಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಹಣ್ಣಿನ ನೊಣ ವಿನೆಗರ್ ಬ್ಯಾಕ್ಟೀರಿಯಾ ಹೊತ್ತು ತರುತ್ತದೆ, ಒಂದೂ ಒಳಗೆ ಹೋಗಬಾರದು.

ಪ್ರತಿ ಸಲ ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ಇನ್ನೊಂದು ಪಾತ್ರೆಗೆ ಎತ್ತರದಿಂದ ಸುರಿದು ಗಾಳಿ ಆಡಿಸಿ. ನೇಲ್ ಪಾಲಿಶ್ ವಾಸನೆ ಜೋರಾಗಿ ಬಂದರೆ ಮಾತ್ರ ಅದು ಮುಗಿಯಿತು, ಉಳಿಸಲು ಆಗುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಭರಣಿಯನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ. 25 ಡಿಗ್ರಿ ಸುತ್ತಮುತ್ತ ಇದ್ದರೆ ಒಳ್ಳೆಯದು, 32 ದಾಟಿದರೆ ಯೀಸ್ಟ್ ಸೋಲುತ್ತದೆ.

ಸಕ್ಕರೆ ಹಾಕುವುದಾದರೆ ಮೂರನೇ ದಿನ, ಹುದುಗು ಜೋರಾಗಿದ್ದಾಗ. ಲೀಟರ್ ರಸಕ್ಕೆ ಸುಮಾರು 17 ಗ್ರಾಂ ಸಕ್ಕರೆ ಶೇ 1ರಷ್ಟು ಆಲ್ಕೋಹಾಲ್ ಕೊಡುತ್ತದೆ. ಸಿಹಿ ಅಳೆಯುವ ಬ್ರಿಕ್ಸ್ ಮೀಟರಿನಲ್ಲಿ ರಸ 18 ತೋರಿಸಿದರೆ ಅದರಲ್ಲೇ ಶೇ 10ರಷ್ಟು ಆಲ್ಕೋಹಾಲ್ ಆಗುವ ಸಿಹಿ ಇದೆ. ಈ 5 ಕಿಲೋ ಹಣ್ಣಿಗೆ 150 ಗ್ರಾಂ ಸಕ್ಕರೆ ಧಾರಾಳವಾಗಿ ಸಾಕು. ಗೋಧಿ, ಚಕ್ಕೆ, ಲವಂಗ ಯಾವುದೂ ಬೇಡ. ಹಣ್ಣಿನ ರುಚಿ ಮುಚ್ಚಿಹೋಗುತ್ತದೆ.

ಸೋಸುವುದು. ಆರೇಳು ದಿನಕ್ಕೆ ಗುಳ್ಳೆ ತಗ್ಗಿ ಸಿಪ್ಪೆ ಕೆಳಗಿಳಿಯುತ್ತದೆ. ಬಟ್ಟೆಯಲ್ಲಿ ಸೋಸಿ, ಚರಟವನ್ನು ಮೆಲ್ಲಗೆ ಹಿಂಡಿ.

ಕಾಯುವುದು. ಈಗ ನಿಯಮ ತಿರುಗುತ್ತದೆ, ಗಾಳಿಯೇ ಶತ್ರು. ಗಾಜಿನ ಜಾಡಿಯ ಕುತ್ತಿಗೆವರೆಗೂ ತುಂಬಿ ಏರ್‌ಲಾಕ್ ಹಾಕಿ, ಅಂದರೆ ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಹೊರಗಿನ ಗಾಳಿ ಒಳಗೆ ಬಿಡದ ಮುಚ್ಚಳ. ಬಿಗಿ ಮುಚ್ಚಳ ಹಾಕಿದರೆ ಜಾಡಿ ಸಿಡಿಯುತ್ತದೆ. ಮೂರು ವಾರಕ್ಕೆ ತಳದ ಗಷ್ಟು ಬಿಟ್ಟು ಮೇಲಿನದ್ದನ್ನು ಪೈಪಿನಲ್ಲಿ ಇಳಿಸಿ, ಎರಡು ತಿಂಗಳಿಗೆ ಮತ್ತೊಮ್ಮೆ. ಗುಳ್ಳೆ ಪೂರ್ತಿ ನಿಂತು ವೈನ್ ತಿಳಿಯಾದ ಮೇಲಷ್ಟೇ ಬಾಟಲಿಗೆ ತುಂಬಿ, ತಂಪು ಕತ್ತಲಲ್ಲಿಡಿ. ಸಲ್ಫೈಟ್ ಹಾಕದ ವೈನ್ ವರ್ಷಗಟ್ಟಲೆ ಇಡುವಂಥದ್ದಲ್ಲ. ವರ್ಷದೊಳಗೆ ಮುಗಿಸಿ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಎರಡು ಮೂರು ದಿನ.