‘ನನಗೂ ಹೀಗೇ ಆಗಿತ್ತು’ ಅನ್ನುವ ಮುಂಚೆ

ಧಾರವಾಡದ ಸಪ್ತಾಪುರದಲ್ಲಿ ಬೆಳಿಗ್ಗೆ ಆರಕ್ಕೇ ಓದುವ ಕೋಣೆಗಳ ಮುಂದೆ ಚಪ್ಪಲಿಗಳ ಸಾಲು ಬಿದ್ದಿರುತ್ತದೆ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗಾಗಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಇಲ್ಲಿ ವರ್ಷಗಟ್ಟಲೆ ಕೂತು ಓದುತ್ತಾರೆ. ನಾನೂ ಐದು ವರ್ಷ ಕೂತಿದ್ದೆ. ಈಗ ಅದೇ ಓಣಿಗಳಲ್ಲಿ ಪೀರ್ ಮೆಂಟರ್ ಆಗಿದ್ದೇನೆ. ನಮ್ಮ ಗುಂಪಿನಲ್ಲಿ ಅದಕ್ಕೆ ‘ಜೊತೆಗಾರ’ ಅಂತೀವಿ. ಖಿನ್ನತೆಯನ್ನೋ ವಿಪರೀತ ಆತಂಕವನ್ನೋ ಸ್ವತಃ ಅನುಭವಿಸಿ, ಚಿಕಿತ್ಸೆ ತಗೊಂಡು ಸುಧಾರಿಸಿದವನು, ಈಗ ಅದರಲ್ಲೇ ಇರುವ ಇನ್ನೊಬ್ಬನ ಜೊತೆ ವಾರಕ್ಕೊಂದು ಗಂಟೆ ಇರಬೇಕು. ಕೆಲಸ ಅಷ್ಟೇ. ಔಷಧಿ ಡಾಕ್ಟರದು, ಕೌನ್ಸೆಲಿಂಗ್ ನಮ್ಮ ಮೇಡಂ ಅವರದು.

ನನ್ನದು ಹೇಗೆ ಶುರುವಾಯ್ತು ಅಂದರೆ ಈಗಲೂ ನಗು ಬರುತ್ತದೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದಿದ್ದೆ. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ಇನ್ನೊಂದು ಅವಕಾಶ ಸಿಕ್ಕಿತು ಅಂತ ಖುಷಿಪಡಬೇಕಿತ್ತು, ಅಲ್ವಾ? ಆದರೆ ಪುಸ್ತಕ ತೆರೆದರೆ ಒಂದೇ ಪುಟ ಮೂರು ದಿನ. ರಾತ್ರಿ ಮೂರಕ್ಕೆ ಎಚ್ಚರ. ಸ್ನಾನ ಮಾಡುವುದೂ ದೊಡ್ಡ ಕೆಲಸ. ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ನಡೆದುಕೊಂಡರೆ ‘ಇವನ್ನ ಧಾರವಾಡಕ್ಕ ಕಳಸ್ಬೇಕು’ ಅಂತ ಚೇಷ್ಟೆ ಮಾಡುತ್ತಾರೆ, ಇಲ್ಲಿ ಮಾನಸಿಕ ಆಸ್ಪತ್ರೆ ಇದೆಯಲ್ಲ, ಅದಕ್ಕೆ. ಧಾರವಾಡದಲ್ಲೇ ಇದ್ದುಕೊಂಡು ನಾನು ಆ ಮಾತಿಗೆ ಹೆದರಿ ಐದು ತಿಂಗಳು ಕಳೆದೆ. ಕೊನೆಗೆ ರೂಮ್‌ಮೇಟ್ ನನ್ನನ್ನು ಅದೇ ಆಸ್ಪತ್ರೆಯ, ಅಂದರೆ ಡಿಮ್ಹಾನ್ಸ್‌ನ, ಓಪಿಡಿಗೆ ಎಳೆದುಕೊಂಡು ಹೋದ.

ಮುಂದಿನ ವರ್ಷ ಒಬ್ಬ ಕೌನ್ಸೆಲರ್ ಮೇಡಂ ನಮ್ಮಂಥ ಆರು ಜನರನ್ನು ಸೇರಿಸಿ ತರಬೇತಿ ಕೊಟ್ಟರು. ಒಬ್ಬ ಜೊತೆಗಾರನಿಗೆ ಮೂವರಿಗಿಂತ ಜಾಸ್ತಿ ಇಲ್ಲ. ನಾಲ್ಕು ತಿಂಗಳು ಮಾತ್ರ. ಹುಡುಗಿಯರಿಗೆ ಹುಡುಗಿಯರೇ ಜೊತೆಗಾರರು. ಪ್ರತಿ ಶನಿವಾರ ನಾವು ಆರೂ ಜನ ಮೇಡಂ ಮುಂದೆ ಕೂತು ವಾರದ್ದನ್ನೆಲ್ಲ ಹೇಳಬೇಕು. ಈ ಶನಿವಾರ ಇಲ್ಲದಿದ್ದರೆ ನಾನು ಎಂದೋ ಯಾರಿಗೋ ದೊಡ್ಡ ಹಾನಿ ಮಾಡಿರುತ್ತಿದ್ದೆ. ಸುಮ್ನೆ ಹೇಳ್ತಿಲ್ಲ, ಮುಂದೆ ಗೊತ್ತಾಗುತ್ತದೆ.

ಭೇಟಿ ಕೋಣೆಯಲ್ಲಿ ಬೇಡ ಅನ್ನುವುದನ್ನು ಬೇಗ ಕಲಿತೆ. ಎದುರುಬದುರು ಕುರ್ಚಿ ಹಾಕಿದರೆ ಹುಡುಗರು ಸಂದರ್ಶನಕ್ಕೆ ಬಂದವರ ಹಾಗೆ ಬೆನ್ನು ನೆಟ್ಟಗೆ ಮಾಡುತ್ತಾರೆ. ನಾನು ಕೆಲಗೇರಿ ಕೆರೆ ಕಡೆ ಕರೆದುಕೊಂಡು ಹೋಗುತ್ತೇನೆ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡುವ ಕಷ್ಟ ಇಲ್ಲ. ಸುಮ್ಮನಿದ್ದರೂ ನಡೆಯುತ್ತದೆ.

ಮೊದಲ ಪ್ರಶ್ನೆ ನಮ್ಮ ಕಡೆಯ ಮಾಮೂಲಿ ಪ್ರಶ್ನೆಯೇ.

‘ಊಟ ಆತೇನೊ?’

‘ಆತಣ್ಣ.’

‘ಏನ್ ಉಂಡಿ?’

ಇಲ್ಲಿ ಬಂಡಿ ನಿಲ್ಲುತ್ತದೆ. ಒಬ್ಬ ಬಹಳ ಹೊತ್ತು ಯೋಚಿಸಿ, ‘ನಿನ್ನೆ ಮಧ್ಯಾಹ್ನ ಎರಡ ರೊಟ್ಟಿ ತಿಂದಿದ್ನಿ’ ಅಂದ. ನಾವು ಮಾತಾಡುತ್ತಿದ್ದದ್ದು ಸಂಜೆ ಆರಕ್ಕೆ. ಖಾನಾವಳಿಗೆ ತಿಂಗಳ ದುಡ್ಡು ಕಟ್ಟಿಯಾಗಿದೆ, ಹೋಗಿಲ್ಲ. ‘ಮನಸ್ಸು ಹೇಗಿದೆ’ ಅಂತ ಕೇಳಿದ್ದರೆ ‘ಆರಾಮ’ ಅಂದುಬಿಡುತ್ತಿದ್ದ. ಊಟ, ನಿದ್ದೆ, ಬಟ್ಟೆ ಒಗೆದದ್ದು ಯಾವಾಗ, ಮನೆಗೆ ಫೋನ್ ಮಾಡಿದ್ದು ಯಾವಾಗ. ಇವುಗಳಲ್ಲಿ ಎಲ್ಲ ಗೊತ್ತಾಗುತ್ತದೆ.

ಇನ್ನು ನನ್ನ ತಪ್ಪಿನ ವಿಷಯ.

ಹಾವೇರಿ ಕಡೆಯ ಒಬ್ಬ ಹುಡುಗ. ಖಿನ್ನತೆಗೆ ಗುಳಿಗೆ ಶುರುವಾಗಿ ಒಂದು ವಾರ ಆಗಿತ್ತು. ವಾಕರಿಕೆ, ಕೂತಲ್ಲಿ ಕೂರಲಾಗದ ಚಡಪಡಿಕೆ. ‘ನಿಮಗೂ ಹಿಂಗ ಆಗಿತ್ತೇನಣ್ಣ?’ ಅಂದ. ನನಗೆ ಒಳಗೊಳಗೆ ಖುಷಿ. ಹುಡುಗ ಹತ್ತಿರ ಬರುತ್ತಿದ್ದಾನೆ ಅಂತ. ‘ನನಗೂ ಹೀಗೇ ಆಗಿತ್ತು. ಒಂದೆರಡು ದಿನ ಬಿಟ್ಟು ಬಿಟ್ಟು ತಗೊಂಡೆ, ಸರಿಹೋಯ್ತು’ ಅಂದುಬಿಟ್ಟೆ. ನಾನು ಹಾಗೆ ಮಾಡಿದ್ದು ನಿಜ. ಆಮೇಲೆ ಡಾಕ್ಟರ ಹತ್ತಿರ ಬೈಸಿಕೊಂಡದ್ದೂ ನಿಜ, ಅದನ್ನು ಮಾತ್ರ ಹೇಳಲಿಲ್ಲ. ಅವನು ಗುಳಿಗೆ ಪೂರ್ತಿ ನಿಲ್ಲಿಸಿದ. ಎರಡು ವಾರದ ಮೇಲೆ ಅವನ ರೂಮ್‌ಮೇಟ್ ಫೋನ್ ಮಾಡಿದ: ಹುಡುಗ ಹಾಸಿಗೆ ಬಿಟ್ಟು ಎದ್ದಿಲ್ಲ.

ಆ ಗುಳಿಗೆಗಳ ಗುಣ ಕಾಣಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ತೊಂದರೆ ಮಾತ್ರ ಮೊದಲ ದಿನಗಳಲ್ಲೇ ಬರುತ್ತದೆ. ಹೆಚ್ಚಿನವರಿಗೆ ಅದು ತಾನಾಗೇ ಇಳಿಯುತ್ತದೆ. ಅಂದರೆ ಧೈರ್ಯ ಹೇಳಿ ಡಾಕ್ಟರ ಹತ್ತಿರ ಕಳಿಸಬೇಕಾದ ಹೊತ್ತಿನಲ್ಲೇ ನಾನು ಅವನಿಗೆ ಬಿಡುವ ದಾರಿ ತೋರಿಸಿದ್ದೆ.

ಶನಿವಾರ ಎಲ್ಲ ಒಪ್ಪಿಸಿದೆ. ಮೇಡಂ ಬೈಯಲಿಲ್ಲ. ‘ನೀ ಹೇಳಿದ ಕಥಿ ಅವಗ ಬೇಕಾಗಿತ್ತೋ, ನಿನಗ ಬೇಕಾಗಿತ್ತೋ?’ ಅಂತ ಕೇಳಿದರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಅಂದಿನಿಂದ ಬಾಯಿ ತೆರೆಯುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹತ್ತರಲ್ಲಿ ಆರು ಸಲ ಬಾಯಿ ಮುಚ್ಚಿಕೊಳ್ಳುತ್ತೇನೆ.

ಹಾಗಂತ ನನ್ನ ಅನುಭವಕ್ಕೆ ಬೆಲೆಯೇ ಇಲ್ಲ ಅಂತಲ್ಲ. ಗುಳಿಗೆ ಬಗ್ಗೆ ಕೇಳಿದರೆ ಈಗ ಹೇಳುವುದು ಇಷ್ಟು: ‘ಇದು ಡಾಕ್ಟರಿಗೆ ಕೇಳುವ ಮಾತು. ನಾಳೆ ಇಬ್ಬರೂ ಹೋಗೋಣ.’ ಅಲ್ಲಿಂದಾಚೆಗೆ ನನಗೆ ಗೊತ್ತಿರುವುದು ಬೇಕಾದಷ್ಟಿದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಹಳೆಯ ಚೀಟಿ ಮರೆಯಬಾರದು. ಏನೇನು ತೊಂದರೆ ಆಯಿತು ಅನ್ನುವುದನ್ನು ಕಾಗದದ ಮೇಲೆ ಬರೆದುಕೊಂಡು ಹೋಗಬೇಕು, ಒಳಗೆ ಹೋದ ಮೇಲೆ ಅರ್ಧ ಮರೆತುಹೋಗುತ್ತದೆ. ಸಾಲಿನಲ್ಲಿ ಪರಿಚಯದವರು ಸಿಕ್ಕರೆ ಏನು ಹೇಳಬೇಕು ಅನ್ನುವುದನ್ನೂ ಮೊದಲೇ ಯೋಚಿಸಿಟ್ಟಿರಬೇಕು. (ನನಗೆ ನಮ್ಮೂರಿನ ಮೇಷ್ಟ್ರೇ ಸಿಕ್ಕಿದ್ದರು. ಅವರೂ ಚೀಟಿ ಹಿಡಿದು ನಿಂತಿದ್ದರು.)

ಇನ್ನೊಂದು ಸಲ ಎಡವಿದ್ದು ಉಲ್ಟಾ ದಿಕ್ಕಿನಲ್ಲಿ. ಬೆಳಗಾವಿ ಜಿಲ್ಲೆಯ ಒಬ್ಬನಿಗೆ ಹುರುಪು ಬರಲಿ ಅಂತ ‘ಈಗ ನನ್ನನ್ನು ನೋಡು, ಹೇಗಿದ್ದೀನಿ’ ಅಂದೆ. ಅವನು ತಲೆ ತಗ್ಗಿಸಿ, ‘ನೀವು ಗಟ್ಟಿ ಮನಷ್ಯಾ ಅದೀರಿ ಅಣ್ಣಾ. ನನ್ ಕೈಲೆ ಆಗಂಗಿಲ್ಲ’ ಅಂದ. ಅವನ ಕಣ್ಣಿಗೆ ನನ್ನ ಕಥೆಯೂ ಇನ್ನೊಂದು ಕಟ್ ಆಫ್ ಆಗಿತ್ತು. ಅದರಲ್ಲೂ ಅವನಿಗೆ ನಾಲ್ಕು ಮಾರ್ಕ್ ಕಡಿಮೆ. ಹಾಗಾಗಿ ಈಗ ಕೊನೆಯ ಅಧ್ಯಾಯ ಹೇಳುವುದಿಲ್ಲ. ಹೇಳಲೇಬೇಕಾದರೆ ನಡುವಿನದು. ಒಂದು ವಾರ ಹಲ್ಲುಜ್ಜಿರಲಿಲ್ಲ ಅನ್ನುವುದು, ಓಪಿಡಿಯ ಬಾಗಿಲಿನಿಂದ ಎರಡು ಸಲ ವಾಪಸ್ ಬಂದದ್ದು.

ಸಾವಿನ ಮಾತು ಬಂದಾಗ ಏನು ಮಾಡುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ನೇರವಾಗಿ ಕೇಳುತ್ತೇವೆ. ‘ಸಾಯಬೇಕು ಅನ್ನಸ್ತದೇನು?’ ಅಂತ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ನಾನೂ ಹೆದರಿದ್ದೆ, ಹಾಗಾಗುವುದಿಲ್ಲ. ಕೇಳಿಸಿಕೊಂಡವರು ಹೆಚ್ಚಾಗಿ ಉಸಿರು ಬಿಡುತ್ತಾರೆ, ಯಾರಾದರೂ ಕೇಳಿದರಲ್ಲ ಅಂತ. ‘ಯಾರಿಗೂ ಹೇಳಬ್ಯಾಡ್ರಿ’ ಅಂದರೆ ಮಾತ್ರ ಒಪ್ಪುವುದಿಲ್ಲ. ಅದನ್ನು ಮೊದಲ ದಿನವೇ ಹೇಳಿರುತ್ತೇವೆ: ಎಲ್ಲವೂ ನಮ್ಮ ಶನಿವಾರದ ಗುಂಪಿನೊಳಗೇ ಇರುತ್ತದೆ, ಜೀವದ ಮಾತು ಬಂದರೆ ಮೇಡಂಗೆ ಆಗಲೇ ಹೇಳುತ್ತೇವೆ, ನೀನೇ ಆರಿಸಿದ ಒಬ್ಬರಿಗೂ ಗೊತ್ತಾಗುತ್ತದೆ. ಒಂದು ರಾತ್ರಿ ನಾನೂ ಒಬ್ಬ ಹುಡುಗನೂ ಅವನ ಪಿಜಿಯ ಮೆಟ್ಟಿಲ ಮೇಲೆ ಕೂತು 14416ಕ್ಕೆ ಫೋನ್ ಮಾಡಿದೆವು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವನ ಅಣ್ಣ ಗದಗದಿಂದ ಬರುವವರೆಗೆ ಅಲ್ಲೇ ಕೂತಿದ್ದೆ. ನಾವು ಮಾತಾಡಿದ್ದು ಪೂರ್ತಿ ಕಬಡ್ಡಿ.

ಮಾರನೆಯ ದಿನ ಬಂದ ತಂದೆ ನನ್ನನ್ನು ಪಕ್ಕಕ್ಕೆ ಕರೆದು ಎರಡೇ ಪ್ರಶ್ನೆ ಕೇಳಿದರು. ಪೊಲೀಸ್ ಕೇಸ್ ಆಗುತ್ತಾ? ಊರಿಗೆ ಗೊತ್ತಾಗುತ್ತಾ? ಆತ್ಮಹತ್ಯೆಗೆ ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತ ಕಾಣಬೇಕು, ಶಿಕ್ಷಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿದೆ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆ ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ನಿಮ್ಮ ಮಗ ಅಷ್ಟು ದೂರ ಹೋಗಿಯೂ ಇಲ್ಲ, ಸಹಾಯ ಕೇಳಿದ್ದಾನೆ ಅಷ್ಟೇ ಅಂದೆ. ಚಿಕಿತ್ಸೆಯ ವಿವರ ಗುಟ್ಟಾಗಿ ಇರುವುದು ರೋಗಿಯ ಹಕ್ಕು ಅಂತಲೂ ಅದೇ 2017ರ ಕಾಯ್ದೆಯಲ್ಲಿದೆ. ಅದನ್ನು ಎರಡು ಸಲ ಹೇಳಿಸಿಕೊಂಡರು. ಕಾನೂನು ಓದಿದ್ದು ಪರೀಕ್ಷೆಗೆ, ಕೆಲಸಕ್ಕೆ ಬಂದದ್ದು ಇಲ್ಲಿ.

ಲಿಸ್ಟ್ ಬಿಡುವ ದಿನದ ತಯಾರಿ ಬೇರೆಯೇ. ಯಾರ ಫೋನಿನಲ್ಲಿ ನೋಡುವುದು, ಪಕ್ಕದಲ್ಲಿ ಯಾರಿರಬೇಕು, ನೋಡಿದ ಮೇಲೆ ಎಲ್ಲಿಗೆ ಹೋಗುವುದು, ಮನೆಗೆ ಯಾರು ಫೋನ್ ಮಾಡುವುದು ಎಲ್ಲ ವಾರದ ಮುಂಚೆಯೇ ಬರೆದಿಡುತ್ತೇವೆ. ಒಬ್ಬನೇ ರೂಮಿನಲ್ಲಿ ನೋಡುವುದು ಬೇಡ. ಪಾಸಾದವನಿಗೂ ಇದು ಬೇಕು. ಸಿಂಗಲ್ ಮಾರ್ಕಿನಲ್ಲಿ ಹೋದ ಗೆಳೆಯ ಪಕ್ಕದ ಕುರ್ಚಿಯಲ್ಲೇ ಇರುತ್ತಾನೆ.

ಏಜ್ ಬಾರ್ ಆಗಿ, ಅಂದರೆ ಪರೀಕ್ಷೆ ಬರೆಯುವ ವಯಸ್ಸು ಮೀರಿ, ಊರಿಗೆ ವಾಪಸ್ ಹೋಗುವವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಅಲ್ಲಿ ಕೆಲಗೇರಿ ಕೆರೆಯೂ ಇಲ್ಲ, ನಾವೂ ಇಲ್ಲ. ಅಂಥವರಿಗೆ ಜಿಲ್ಲೆಯ ಯುವ ಸ್ಪಂದನ ಕೇಂದ್ರದ ಗುರುತು ಮಾಡಿಕೊಡುತ್ತೇನೆ. ಯುವಜನ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಕಾರ್ಯಕ್ರಮ ಅದು. ಅಲ್ಲಿ ಕೆಲಸ ಮಾಡುವವರೂ ತರಬೇತಿ ಪಡೆದ ಹುಡುಗ ಹುಡುಗಿಯರೇ. ‘ಅಲ್ಲಿಗೆ ಹೋಗು’ ಅಂದರೆ ಯಾರೂ ಹೋಗಲ್ಲ. ಹೊರಡುವ ಮುಂಚೆ ನನ್ನ ಎದುರಿಗೇ ಒಂದು ಸಲ ಫೋನ್ ಮಾಡಿಸುತ್ತೇನೆ.

ಆ ಹಾವೇರಿ ಹುಡುಗ ಮತ್ತೆ ಗುಳಿಗೆ ಶುರು ಮಾಡಿದ, ಈ ಸಲ ಡಾಕ್ಟರ್ ಹೇಳಿದ ಹಾಗೆ. ನಾನು ಕ್ಷಮೆ ಕೇಳಿದ್ದೆ. ‘ಇರ್ಲಿ ಬಿಡಣ್ಣ’ ಅಂದಿದ್ದ. ನಾಲ್ಕು ತಿಂಗಳು ಮುಗಿಯಲು ಎರಡು ವಾರ ಇತ್ತು, ಕೆರೆ ದಂಡೆ ಮೇಲೆ ಹೋಗುತ್ತಿದ್ದೆವು. ಆ ದಿನಗಳಲ್ಲಿ ನನಗೇ ನಿದ್ದೆ ಸರಿ ಇರಲಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಫೋನ್ ಬಂದರೂ ಎತ್ತುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ.

‘ಅಣ್ಣಾ, ಊಟ ಆತೇನ್ರಿ?’ ಅಂದ.

‘ಆತು.’

‘ಏನ್ ಉಂಡ್ರಿ?’

ನಾನು ಸುಮ್ಮನಾದೆ. ಅವತ್ತೇ ಸಂಜೆ ಮೇಡಂಗೆ ಫೋನ್ ಮಾಡಿದೆ. ಎರಡು ತಿಂಗಳು ನನ್ನ ಮೂವರನ್ನು ಬೇರೆ ಜೊತೆಗಾರರು ನೋಡಿಕೊಂಡರು. ನಾನು ಮತ್ತೆ ಓಪಿಡಿ ಸಾಲಿನಲ್ಲಿ ನಿಂತೆ. ಈಗ ರಾತ್ರಿ ಒಂಬತ್ತರ ಮೇಲೆ ನನ್ನ ಫೋನ್ ಆಫ್ ಇರುತ್ತದೆ. ಅದಾದ ಮೇಲೆ ಯಾರಿಗೆ ಮಾಡಬೇಕು ಅನ್ನುವ ನಂಬರು ಮೂವರ ಗೋಡೆ ಮೇಲೂ ಅಂಟಿಸಿದ್ದೇನೆ.