ಫೀಡ್ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ

ಅರ್ಜಿಯ ಕೊನೆಯ ದಿನಾಂಕ ಬದಲಾದದ್ದು ನನಗೆ ಗೊತ್ತಾದದ್ದು ಎರಡು ದಿನ ತಡವಾಗಿ. ದಿನಾ ಹದಿನೈದು ಜಾಲತಾಣ ತೆರೆದು ನೋಡುತ್ತಿದ್ದೆ, ಆದರೂ ತಪ್ಪಿಹೋಯಿತು. ಬಹಳ ನೋವಾಯಿತು.

ಆಗ ಆರ್‌ಎಸ್‌ಎಸ್ ಫೀಡ್ ನೆನಪಾಯಿತು. 1999ರಿಂದ ಇರುವ ವ್ಯವಸ್ಥೆ. ತಾಣ ತನ್ನ ಹೊಸ ಬರಹಗಳ ಪಟ್ಟಿಯನ್ನು ಒಂದು ಎಕ್ಸ್‌ಎಂಎಲ್ (ತಂತ್ರಾಂಶಗಳು ಓದಬಲ್ಲ ರೂಪದ) ಕಡತದಲ್ಲಿ ಇಡುತ್ತದೆ, ಫೀಡ್ ರೀಡರ್ ಎಂಬ ತಂತ್ರಾಂಶ ಅದನ್ನು ಆಗಾಗ ಓದಿ ಹೊಸದನ್ನಷ್ಟೇ ನಮ್ಮ ಮುಂದಿಡುತ್ತದೆ.

ಮೊದಲ ತೊಡಕು: ಅರ್ಧ ತಾಣಗಳಲ್ಲಿ ಫೀಡ್ ಇದೆ ಎಂದು ತೋರಿಸುವ ಕಿತ್ತಳೆ ಬಣ್ಣದ ಗುರುತೇ ಇರಲಿಲ್ಲ. ಪುಟದ ಸೋರ್ಸ್ (ಅದರ ಹಿಂದಿನ ಕೋಡ್) ತೆರೆದು ‘ಆರ್‌ಎಸ್‌ಎಸ್’, ‘ಆಟಮ್’ (ಇದೂ ಫೀಡ್‌ನ ಇನ್ನೊಂದು ಬಗೆ) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದೆ. ಹಲವು ಕಡೆ ಆ ಕೋಡ್‌ನ ತಲೆಭಾಗದ ಲಿಂಕ್ ಟ್ಯಾಗ್‌ನಲ್ಲೇ ಫೀಡ್‌ನ ವಿಳಾಸ ಸಿಕ್ಕಿತು. (ಎಷ್ಟೋ ರೀಡರ್‌ಗಳು ಮುಖಪುಟದ ವಿಳಾಸ ಕೊಟ್ಟರೆ ತಾವೇ ಹುಡುಕಿಕೊಳ್ಳುತ್ತವೆ. ಮೊದಲು ಅದನ್ನೇ ಪ್ರಯತ್ನಿಸಿ.)

ಇಷ್ಟಾದರೂ ಒಂದು ತಾಣದ ಪ್ರಕಟಣೆಗಳು ನಡುನಡುವೆ ಮಾಯವಾಗುತ್ತಿದ್ದವು. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಅದರ ಫೀಡ್‌ನಲ್ಲಿ ಇರುವುದು ಇತ್ತೀಚಿನ ಹತ್ತು ಬರಹ ಮಾತ್ರ. ನನ್ನ ರೀಡರ್ ದಿನಕ್ಕೊಮ್ಮೆ ನೋಡುತ್ತಿತ್ತು. ಒಂದೇ ದಿನ ಹದಿನಾಲ್ಕು ಪ್ರಕಟಣೆ ಬಂದರೆ ಮೊದಲ ನಾಲ್ಕು ಪಟ್ಟಿಯಿಂದ ಜಾರಿಹೋಗಿರುತ್ತಿದ್ದವು! ಗಂಟೆಗೊಮ್ಮೆ ನೋಡುವಂತೆ ಬದಲಾಯಿಸಿದೆ. ಸರ್ವರ್‌ಗೆ ಹೊರೆಯಾದೀತೆಂಬ ಅಳುಕಿತ್ತು, ಆದರೆ ಬದಲಾವಣೆ ಇಲ್ಲದಿದ್ದಾಗ ಅದು 304 (‘ಬದಲಾಗಿಲ್ಲ’) ಎಂಬ ಪುಟ್ಟ ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಇಡೀ ಕಡತ ಕಳಿಸುವುದಿಲ್ಲ.

ಆ ಹದಿನೈದು ತಾಣಗಳಲ್ಲಿ ಮೂರಕ್ಕೆ ಫೀಡ್ ಇಲ್ಲವೇ ಇಲ್ಲ. ಅವನ್ನು ಇಂದಿಗೂ ಬೆಳಿಗ್ಗೆ ಕೈಯಾರೆ ತೆರೆದು ನೋಡುತ್ತೇನೆ.